ಕೋವಿಗೆ ಬೀಗ: ಜಗಳ ಎಲ್ಲಿ, ಏಕೆ?

ಸ್ಮಿತ್ ಅಂಡ್ ವೆಸ್ಸನ್ ಕಂಪನಿ 2001-02ರಿಂದೀಚೆಗೆ ತಯಾರಿಸಿದ ಬಹುಪಾಲು ರಿವಾಲ್ವರ್‌ಗಳ ಎಡಮಗ್ಗುಲಲ್ಲಿ, ತೋಟೆ ತುಂಬುವ ಸಿಲಿಂಡರ್ ಬಿಡಿಸುವ ಗುಂಡಿಯ ಮೇಲ್ಗಡೆ, ಒಂದು ಪುಟ್ಟ ತೂತು ಇರುತ್ತದೆ. ಅದಕ್ಕೆ ಸಣ್ಣ ಕೀಲಿ ತೂರಿಸಿ ತಿರುಗಿಸಿದರೆ ಕುದುರೆಯ (ತೋಟೆಗೆ ಪೆಟ್ಟು ಕೊಡುವ ಸುತ್ತಿಗೆಯಂಥ ಭಾಗ) ಪಕ್ಕದಲ್ಲಿ ‘ಲಾಕ್ಡ್’ ಎಂದು ಬರೆದ ಲೋಹದ ಚೂರೊಂದು ಮೇಲೇಳುತ್ತದೆ. ಆಮೇಲೆ ಟ್ರಿಗರ್ ಎಳೆದರೂ ಕುದುರೆ ಅಲುಗುವುದಿಲ್ಲ. ಅಷ್ಟೇ ಅದರ ಕೆಲಸ. ಈ ತೂತಿಗೆ ಅಮೆರಿಕದ ಬಂದೂಕುಪ್ರಿಯರು ಹಿಲರಿ ಕ್ಲಿಂಟನ್ ಹೆಸರಿನಲ್ಲಿ ‘ಹಿಲರಿ ಹೋಲ್’ ಎಂದು ಅಡ್ಡಹೆಸರಿಟ್ಟು ಎರಡು ದಶಕಗಳಿಂದ ಬೈಯುತ್ತಲೇ ಇದ್ದಾರೆ. ತೂತಿಲ್ಲದ ಹಳೆಯ ರಿವಾಲ್ವರ್‌ಗೆ ಹೆಚ್ಚು ದುಡ್ಡು ಕೊಡಲು ತಯಾರಿರುವವರೂ ಇದ್ದಾರೆ.

ನಮ್ಮ ಕಡೆಯಿಂದ ನೋಡುವವರಿಗೆ ಇದು ವಿಚಿತ್ರವೇ. ಬೇಕಿದ್ದರೆ ಬೀಗ ಹಾಕಿಕೊಳ್ಳಿ, ಬೇಡವಾದರೆ ಬಿಡಿ, ಅದಕ್ಕೇಕೆ ಇಷ್ಟು ರಂಪ? ಆದರೆ ಕೋವಿಯ ಸುರಕ್ಷತಾ ಸಾಧನಗಳೆಂದು ನಾವು ಒಟ್ಟಾಗಿ ಕರೆಯುವವೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಕೋವಿ ಕೈಜಾರಿ ಬಿದ್ದಾಗ ಈಡು ಹಾರದಂತೆ ನೋಡಿಕೊಳ್ಳುವವು ಕೆಲವು. ಹಿಡಿದವನ ಬೆರಳೇ ತಪ್ಪಿದಾಗ ಅಡ್ಡ ಬರುವವು ಇನ್ನು ಕೆಲವು. ಉಳಿದವು, ಹಿಡಿಯಬಾರದವರು ಹಿಡಿದಾಗ ಕೋವಿಯನ್ನು ಬರೀ ಕಬ್ಬಿಣವಾಗಿಸುವವು. ಯಂತ್ರದ ತಪ್ಪನ್ನು ತಡೆಯುವ ಸಾಧನಕ್ಕೆ ವಿರೋಧ ಬಹಳ ಕಡಿಮೆ. ಮನುಷ್ಯರಲ್ಲಿ ಇವನು ಸರಿ, ಅವನು ಬೇಡ ಎಂದು ಆರಿಸಲು ಹೊರಟ ಸಾಧನಕ್ಕೆ ವಿರೋಧ ಜೋರು. ಪರ-ವಿರೋಧದ ಮಾತುಗಳಲ್ಲಿ ಅರ್ಧದಷ್ಟು ಈ ವ್ಯತ್ಯಾಸ ಮರೆತು ಆಡಿದವು.

ಬೀಳುವ ಕೋವಿಯಿಂದ ಶುರುಮಾಡೋಣ. 1873ರ ಕೋಲ್ಟ್ ಸಿಂಗಲ್ ಆಕ್ಷನ್ (ಪ್ರತಿ ಈಡಿಗೂ ಕುದುರೆಯನ್ನು ಕೈಯಿಂದ ಎಳೆದು ನಿಲ್ಲಿಸಬೇಕಾದ) ರಿವಾಲ್ವರ್‌ನಲ್ಲಿ ಆರು ತೋಟೆಗೆ ಜಾಗವಿತ್ತು, ತಿಳಿದವರು ತುಂಬುತ್ತಿದ್ದುದು ಮಾತ್ರ ಐದು. ಅದರ ಕುದುರೆಯ ತುದಿಯಲ್ಲೇ ಫೈರಿಂಗ್ ಪಿನ್ ಇತ್ತು. ಆರನ್ನೂ ತುಂಬಿದರೆ ಆ ಮೊನೆ ನೇರವಾಗಿ ತೋಟೆಯ ಪ್ರೈಮರ್ (ಪೆಟ್ಟು ಬಿದ್ದೊಡನೆ ಹೊತ್ತಿಕೊಳ್ಳುವ ಭಾಗ) ಮೇಲೆ ಕೂರುತ್ತಿತ್ತು. ಸೊಂಟದಿಂದ ಜಾರಿ ಕುದುರೆ ಕಲ್ಲಿಗೆ ಬಡಿದರೆ ಸಾಕು, ಈಡು ಹಾರಿ ಎತ್ತ ಬೇಕಾದರೂ ಹೋಗಬಹುದು. ಹಾಗಾಗಿ ಕುದುರೆಯ ಕೆಳಗೆ ಖಾಲಿ ಮನೆ ಬಿಡುವುದು ರೂಢಿಯಾಯಿತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ನೌಕಾಪಡೆಯ ಹಡಗೊಂದರ ಉಕ್ಕಿನ ಡೆಕ್ ಮೇಲೆ ಸ್ಮಿತ್ ಅಂಡ್ ವೆಸ್ಸನ್ ರಿವಾಲ್ವರ್ ಬಿದ್ದು, ಗುಂಡು ಹಾರಿ ನಾವಿಕನೊಬ್ಬ ಸತ್ತ. ಆ ರಿವಾಲ್ವರ್‌ನಲ್ಲಿ ತಡೆ ಇರಲಿಲ್ಲ ಎಂದಲ್ಲ. ಇದ್ದದ್ದು ಆ ಪೆಟ್ಟಿಗೆ ನಿಲ್ಲಲಿಲ್ಲ. ಕಂಪನಿ ತರಾತುರಿಯಲ್ಲಿ ಹೊಸ ತಡೆಯನ್ನು ರೂಪಿಸಿತು.

ರೂಗರ್ ಕಂಪನಿ 1973ರಲ್ಲಿ ತನ್ನ ಸಿಂಗಲ್ ಆಕ್ಷನ್ ರಿವಾಲ್ವರ್‌ಗಳಿಗೆ ‘ಟ್ರಾನ್ಸ್‌ಫರ್ ಬಾರ್’ ಹಾಕಿತು. ಅದರ ಜಾಣತನ ಮೆಚ್ಚುವಂಥದ್ದು. ಕುದುರೆ ಎಷ್ಟು ಬಲವಾಗಿ ಬಡಿದರೂ ಫೈರಿಂಗ್ ಪಿನ್ನಿಗೆ ತಾಗದಷ್ಟು ಅಂತರ ಇಟ್ಟಿರುತ್ತಾರೆ. ಟ್ರಿಗರ್ ಪೂರ್ತಿ ಹಿಂದಕ್ಕೆ ಬಂದಾಗ ಮಾತ್ರ ಒಂದು ಉಕ್ಕಿನ ಪಟ್ಟಿ ಇವೆರಡರ ನಡುವೆ ಮೇಲೇರಿ, ಕುದುರೆಯ ಪೆಟ್ಟನ್ನು ಪಿನ್ನಿಗೆ ದಾಟಿಸುತ್ತದೆ. ಬೆರಳು ಬಿಟ್ಟರೆ ಪಟ್ಟಿ ಕೆಳಗಿಳಿಯುತ್ತದೆ, ಸೇತುವೆಯೇ ಇಲ್ಲ. ಬಳಸುವವನು ಏನನ್ನೂ ನೆನಪಿಡಬೇಕಿಲ್ಲ, ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. 1973ಕ್ಕಿಂತ ಹಿಂದಿನ ತನ್ನ ರಿವಾಲ್ವರ್‌ಗಳಿಗೂ ರೂಗರ್ ಇದನ್ನು ಪುಕ್ಕಟೆ ಅಳವಡಿಸಿಕೊಡುತ್ತದೆ, ಬಿಚ್ಚಿದ ಹಳೆಯ ಭಾಗಗಳನ್ನು ಚೀಲಕ್ಕೆ ಹಾಕಿ ವಾಪಸ್ಸು ಕಳಿಸುತ್ತದೆ. ಹಳೆಯ ಮಾದರಿಯನ್ನು ಹಾಗೇ ಉಳಿಸಿಕೊಳ್ಳುವ ಸಂಗ್ರಾಹಕರನ್ನು ಬಿಟ್ಟರೆ ಇದನ್ನು ಬೇಡ ಎಂದವರು ಅಪರೂಪ.

ಬೆರಳಿನ ತಪ್ಪಿಗೆ ಬಂದರೆ ಅಭಿಪ್ರಾಯಗಳು ಕವಲೊಡೆಯುತ್ತವೆ. ಹಳೆಯ ಪದ್ಧತಿ ಸೇಫ್ಟಿ ಕ್ಯಾಚ್, ಅಂದರೆ ಹೆಬ್ಬೆರಳಲ್ಲಿ ಮೇಲೆ-ಕೆಳಗೆ ಮಾಡುವ ಸಣ್ಣ ಹಿಡಿಕೆ. ಆಸ್ಟ್ರಿಯಾದ ಸೈನ್ಯ 1982ರಲ್ಲಿ ಆಯ್ದುಕೊಂಡ ಗ್ಲಾಕ್ ಪಿಸ್ತೂಲಿನಲ್ಲಿ ಆ ಹಿಡಿಕೆಯೇ ಇರಲಿಲ್ಲ. ಟ್ರಿಗರ್ ನಡುವೆಯೇ ಒಂದು ತೆಳು ಪಟ್ಟಿ; ಬೆರಳು ಅದನ್ನೂ ಸೇರಿಸಿ ಒತ್ತಿದರೆ ಮಾತ್ರ ಟ್ರಿಗರ್ ಹಿಂದೆ ಹೋಗುತ್ತದೆ. ಒಳಗಡೆ ಫೈರಿಂಗ್ ಪಿನ್ನಿಗೊಂದು ತಡೆ, ಬಿದ್ದಾಗ ಹಾರದಂತೆ ಮತ್ತೊಂದು. ಮೂರೂ ತಾವಾಗಿಯೇ ಬಿಡಿಸಿಕೊಳ್ಳುತ್ತವೆ, ತಾವಾಗಿಯೇ ಕೂರುತ್ತವೆ. ಗಾಬರಿಯಲ್ಲಿ ಕ್ಯಾಚ್ ಬಿಡಿಸಲು ಮರೆತು ಪ್ರಾಣ ಕಳೆದುಕೊಳ್ಳುವುದು ತಪ್ಪಿತು ಎಂದು ಪೊಲೀಸರು ಒಪ್ಪಿಕೊಂಡರು. ಟೀಕಾಕಾರರ ಮಾತೂ ಸುಳ್ಳಲ್ಲ: ಬೆರಳಾಗಲಿ, ಅಂಗಿಯ ಚುಂಗಾಗಲಿ ಟ್ರಿಗರ್ ಒಳಗೆ ಸಿಕ್ಕಿಕೊಂಡರೆ ಆ ಪಟ್ಟಿಗೆ ವ್ಯತ್ಯಾಸ ತಿಳಿಯದು. ಹೋಲ್‌ಸ್ಟರ್‌ಗೆ ತುರುಕುವಾಗ ತೊಡೆಗೇ ಗುಂಡು ಹೊಡೆದುಕೊಂಡವರಿಂದಾಗಿ ‘ಗ್ಲಾಕ್ ಲೆಗ್’ ಎಂಬ ಮಾತೇ ಹುಟ್ಟಿತು.

ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲಿನ ಕತೆ ಇನ್ನೂ ತಿಕ್ಕಾಟದ್ದು. 2017ರ ಜನವರಿಯಲ್ಲಿ ಅಮೆರಿಕದ ಸೈನ್ಯ ಇದರ ರೂಪಾಂತರವನ್ನು ಆಯ್ದುಕೊಂಡಿತು. ಸೈನ್ಯಕ್ಕೆ ಕೊಟ್ಟದ್ದರಲ್ಲಿ ಸೇಫ್ಟಿ ಕ್ಯಾಚ್ ಇದೆ. ಪೊಲೀಸರು, ಜನಸಾಮಾನ್ಯರು ಕೊಂಡ ಬಹಳಷ್ಟರಲ್ಲಿ ಇಲ್ಲ. ಅದೇ ಆಗಸ್ಟ್‌ನಲ್ಲಿ, ನಿರ್ದಿಷ್ಟ ಕೋನದಲ್ಲಿ ಬಿದ್ದರೆ ಗುಂಡು ಹಾರುತ್ತದೆ ಎಂಬುದು ಪರೀಕ್ಷೆಗಳಲ್ಲಿ ಕಂಡುಬಂದು, ಕಂಪನಿ ಟ್ರಿಗರ್ ಭಾಗಗಳನ್ನು ಬದಲಿಸಿಕೊಡುವ ‘ಸ್ವಯಂಪ್ರೇರಿತ’ ಯೋಜನೆ ಪ್ರಕಟಿಸಿತು. ಟ್ರಿಗರ್ ಮುಟ್ಟದೆಯೇ ಹಾರಿತು ಎಂಬ ದೂರುಗಳು ಅಲ್ಲಿಗೆ ನಿಲ್ಲಲಿಲ್ಲ. 2024ರಲ್ಲಿ ಜಾರ್ಜಿಯಾ ಮತ್ತು ಪೆನ್ಸಿಲ್ವೇನಿಯಾಗಳಲ್ಲಿ ಜ್ಯೂರಿಗಳು ಗಾಯಾಳುಗಳ ಪರ ತೀರ್ಪು ಕೊಟ್ಟವು. ಟ್ರಿಗರ್ ಎಳೆಯದೆ ಗುಂಡು ಹಾರುವುದಿಲ್ಲ ಎಂಬುದು ಕಂಪನಿಯ ವಾದ.

‘ಸ್ವಯಂಪ್ರೇರಿತ’ ಎಂಬುದಕ್ಕೆ ಹಿನ್ನೆಲೆಯಿದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಆಟಿಕೆ, ಹೇರ್ ಡ್ರೈಯರ್, ತೊಟ್ಟಿಲು ಎಲ್ಲವನ್ನೂ ಮಾರುಕಟ್ಟೆಯಿಂದ ವಾಪಸ್ಸು ತರಿಸಬಹುದು. ಕೋವಿ ಮತ್ತು ತೋಟೆಗಳು ಮಾತ್ರ ಅದರ ಕೈಗೆ ಸಿಗದಂತೆ 1970ರ ದಶಕದಲ್ಲೇ ಕಾನೂನು ಬರೆದಿಟ್ಟಿದ್ದಾರೆ. ಮಕ್ಕಳ ಆಟದ ಪಿಸ್ತೂಲಿನಲ್ಲಿ ದೋಷವಿದ್ದರೆ ಸರ್ಕಾರ ತಡೆಯಬಹುದು, ನಿಜವಾದ ಪಿಸ್ತೂಲಿನಲ್ಲಿದ್ದರೆ ಕಂಪನಿ ಮನಸ್ಸು ಮಾಡಬೇಕು ಇಲ್ಲವೇ ನ್ಯಾಯಾಲಯಕ್ಕೆ ಹೋಗಬೇಕು.

ಸೇಫ್ಟಿ ಕ್ಯಾಚ್ ಇದ್ದರೆ ಕ್ಷೇಮ ಎಂದು ನಂಬುವವರು ರೆಮಿಂಗ್ಟನ್ 700 ರೈಫಲ್ಲಿನ ಕತೆ ಕೇಳಬೇಕು. 1962ರಿಂದ ಬಂದ ಈ ಬೇಟೆ ರೈಫಲ್ಲು ಅಲ್ಲಿ ಮನೆಮಾತು. ಅದರ ಹಳೆಯ ಮಾದರಿಗಳಲ್ಲಿ ಸೇಫ್ಟಿ ಹಾಕಿದಾಗ ಬೋಲ್ಟ್, ಅಂದರೆ ತೋಟೆಯನ್ನು ಒಳಹೊರಗೆ ಮಾಡುವ ಅಗುಳಿ ಕೂಡ ಬಿಗಿದುಕೊಳ್ಳುತ್ತಿತ್ತು. ಒಳಗಿನ ತೋಟೆ ತೆಗೆಯಬೇಕಾದರೆ ಮೊದಲು ಸೇಫ್ಟಿ ಬಿಡಿಸಬೇಕು. ಎಂದರೆ ಕೋವಿ ಖಾಲಿ ಮಾಡುವ, ಎಲ್ಲಕ್ಕಿಂತ ಜಾಗ್ರತೆ ಬೇಕಾದ ಗಳಿಗೆಯಲ್ಲೇ ಅದು ಹೊಡೆಯಲು ಸಿದ್ಧವಾಗಿರುತ್ತಿತ್ತು. 1982ರಲ್ಲಿ ಕಂಪನಿ ಈ ಬಿಗಿತವನ್ನು ಕೈಬಿಟ್ಟಿತಾದರೂ ಅಷ್ಟರಲ್ಲಿ ಲಕ್ಷಗಟ್ಟಲೆ ರೈಫಲ್ಲುಗಳು ಜನರ ಕೈಸೇರಿದ್ದವು. 2000ದಲ್ಲಿ ಮೊಂಟಾನಾದ ತಾಯಿಯೊಬ್ಬಳು ಬೇಟೆ ಮುಗಿಸಿ ತೋಟೆ ತೆಗೆಯಲೆಂದು ಸೇಫ್ಟಿ ಬಿಡಿಸಿದಳು. ಗುಂಡು ಹಾರಿ, ಆಚೆಗಿದ್ದ ಒಂಬತ್ತು ವರ್ಷದ ಮಗ ತೀರಿಕೊಂಡ. ಟ್ರಿಗರ್ ಮುಟ್ಟಲೇ ಇಲ್ಲ ಎಂದು ಆಕೆ ಹೇಳಿದಳು. ಟ್ರಿಗರ್ ರಚನೆಯಲ್ಲಿ ದೋಷವಿದೆ ಎಂಬುದನ್ನು ಕಂಪನಿ ಕೊನೆಯವರೆಗೂ ಒಪ್ಪಲಿಲ್ಲ. ಆದರೂ ಸಾಮೂಹಿಕ ದಾವೆಯೊಂದರ ರಾಜಿಯಲ್ಲಿ ಟ್ರಿಗರ್‌ಗಳನ್ನು ಉಚಿತವಾಗಿ ಬದಲಿಸಿಕೊಡಲು ಒಪ್ಪಿಕೊಂಡಿತು.

ಅರೆಬರೆ ತಿಳಿವಳಿಕೆಯವರು ಕೋವಿ ಹಿಡಿದಾಗ ಆಗುವ ಅನಾಹುತಗಳಲ್ಲಿ ಒಂದು ತೀರಾ ಮಾಮೂಲಿ. ಪಿಸ್ತೂಲಿನ ಮ್ಯಾಗಜಿನ್ (ಹಿಡಿಯೊಳಗಿನ ತೋಟೆಗಳ ಡಬ್ಬಿ) ಹೊರಗೆಳೆದರೆ ಅದು ಖಾಲಿಯಾಯಿತು ಎಂದು ಎಣಿಸುತ್ತಾರೆ. ಆದರೆ ಒಂದು ತೋಟೆ ಆಗಲೇ ನಳಿಕೆಯ ಹಿಂದಿನ ಗೂಡಾದ ಚೇಂಬರ್‌ನಲ್ಲಿ ಕೂತಿರುತ್ತದೆ. ‘ಖಾಲಿ’ ಪಿಸ್ತೂಲಿನ ಟ್ರಿಗರ್ ಎಳೆದು ಎದುರಿಗಿದ್ದವರನ್ನು ಕೊಂದ ಪ್ರಕರಣಗಳಲ್ಲಿ ಹಲವು ಇಂಥವು. ಮ್ಯಾಗಜಿನ್ ಇಲ್ಲದಿದ್ದರೆ ಟ್ರಿಗರ್ ಕೆಲಸ ಮಾಡದಂತೆ ತಡೆಯುವ ಸಾಧನ 1935ರ ಬ್ರೌನಿಂಗ್ ಹೈಪವರ್‌ನಲ್ಲೇ ಇತ್ತು, ಫ್ರೆಂಚ್ ಸೈನ್ಯ ಕೇಳಿತ್ತು ಎಂಬ ಕಾರಣಕ್ಕೆ. ಅನೇಕರು ಅದನ್ನು ಬಿಚ್ಚಿ ಎಸೆದರು. ಟ್ರಿಗರ್ ಒರಟಾಗುತ್ತದೆ ಎಂಬುದು ಒಂದು ದೂರು; ಮ್ಯಾಗಜಿನ್ ಬದಲಿಸುವ ಹೊತ್ತಿನಲ್ಲಿ ಎದುರಾಳಿ ಮೈಮೇಲೆ ಬಿದ್ದರೆ ಒಳಗಿರುವ ಒಂದು ಗುಂಡೂ ಉಪಯೋಗಕ್ಕಿಲ್ಲ ಎಂಬುದು ಇನ್ನೊಂದು. ಪೊಲೀಸರಲ್ಲೇ ಕೆಲವರು ಇದಕ್ಕೆ ತದ್ವಿರುದ್ಧ ವಾದ ಹೂಡುತ್ತಾರೆ: ಆರೋಪಿ ಪಿಸ್ತೂಲು ಕಸಿಯಲು ಕೈಹಾಕಿದಾಗ ಮ್ಯಾಗಜಿನ್ ಬೀಳಿಸಿಬಿಟ್ಟರೆ ಆ ಪಿಸ್ತೂಲು ಯಾರಿಗೂ ಪ್ರಯೋಜನವಿಲ್ಲ.

ಕ್ಯಾಲಿಫೋರ್ನಿಯಾ 2007ರಿಂದ ಹೊಸ ಮಾದರಿಯ ಪಿಸ್ತೂಲುಗಳಿಗೆ ಈ ಸಾಧನವನ್ನೂ, ಚೇಂಬರ್‌ನಲ್ಲಿ ತೋಟೆ ಇದ್ದರೆ ಹೊರಗೇ ಕಾಣುವ ಸೂಚಕವನ್ನೂ ಕಡ್ಡಾಯ ಮಾಡಿತು. 2013ರಲ್ಲಿ, ಹಾರಿದ ತೋಟೆಯ ಮೇಲೆ ಪಿಸ್ತೂಲಿನ ಗುರುತು ಮೂಡಿಸುವ ತಂತ್ರವನ್ನೂ ಸೇರಿಸಿತು. ಯಾವ ಕಂಪನಿಯೂ ಅದನ್ನು ಅಳವಡಿಸಲಿಲ್ಲ. ಹೀಗಾಗಿ ಸುಮಾರು ಹತ್ತು ವರ್ಷ ಅಲ್ಲಿ ಮಾರಬಹುದಾದ ಪಿಸ್ತೂಲುಗಳ ಪಟ್ಟಿಗೆ ಹೊಸ ಸೆಮಿ ಆಟೊಮ್ಯಾಟಿಕ್ ಮಾದರಿಗಳು ಸೇರುವುದೇ ನಿಂತುಹೋಯಿತು. 2023ರಲ್ಲಿ ಫೆಡರಲ್ ನ್ಯಾಯಾಲಯ ಮಧ್ಯೆ ಬಂತು. ವಿರೋಧಿಗಳು ಎತ್ತಿ ಹಿಡಿದ ಒಂದು ಅಂಶಕ್ಕೆ ಉತ್ತರ ಕೊಡುವುದು ಕಷ್ಟ: ಪೊಲೀಸರಿಗೆ ಈ ನಿಯಮದಿಂದ ವಿನಾಯಿತಿ ಇತ್ತು. ಅಷ್ಟು ಒಳ್ಳೆಯ ಸಾಧನವಾದರೆ ಅವರಿಗೇಕೆ ಬೇಡ?

ಇನ್ನು ತೂತಿನ ಕತೆ. 2000ದ ಮಾರ್ಚ್‌ನಲ್ಲಿ, ನಗರಸಭೆಗಳು ಹೂಡಿದ ಮೊಕದ್ದಮೆಗಳ ನಡುವೆ, ಸ್ಮಿತ್ ಅಂಡ್ ವೆಸ್ಸನ್ ಕ್ಲಿಂಟನ್ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಮೊದಲು ಪ್ರತಿ ಕೈಬಂದೂಕಿನ ಜೊತೆಗೂ ಹೊರಬೀಗ, ಎರಡು ವರ್ಷದೊಳಗೆ ಒಳಬೀಗ, ಆಮೇಲೆ ಯಜಮಾನನ ಕೈಯನ್ನು ಗುರುತಿಸುವ ತಂತ್ರಜ್ಞಾನ. ಅಂಗಡಿಗಳು ಯಾರಿಗೆ, ಹೇಗೆ ಮಾರಬೇಕು ಎಂಬ ಷರತ್ತುಗಳೂ ಅದರಲ್ಲಿದ್ದವು. ಬಂದೂಕು ಸಂಘಟನೆಗಳಿಗೆ ಇದು ದ್ರೋಹವಾಗಿ ಕಂಡಿತು. ಗಿರಾಕಿಗಳು ಬಹಿಷ್ಕಾರ ಹಾಕಿದರು. 1987ರಲ್ಲಿ 11.25 ಕೋಟಿ ಡಾಲರ್ ಕೊಟ್ಟು ಕಂಪನಿ ಕೊಂಡಿದ್ದ ಬ್ರಿಟನ್ನಿನ ಟಾಮ್ಕಿನ್ಸ್ ಸಂಸ್ಥೆ, 2001ರಲ್ಲಿ ಅದನ್ನು ಬರೀ ಒಂದೂವರೆ ಕೋಟಿ ಡಾಲರ್‌ಗೆ ಮಾರಿತು. ಕೊಂಡವರು ಯಾರು? ಸೇಫ್-ಟಿ-ಹ್ಯಾಮರ್ ಎಂಬ, ಬಂದೂಕಿಗೆ ಬೀಗ ತಯಾರಿಸುವ ಅರಿಜೋನಾದ ಪುಟ್ಟ ಕಂಪನಿ. ಒಪ್ಪಂದ ಮೂಲೆ ಸೇರಿತು, ಬೀಗ ಮಾತ್ರ ರಿವಾಲ್ವರ್ ಒಳಗೆ ಹೋಯಿತು. ಮೇರಿಲ್ಯಾಂಡ್ ರಾಜ್ಯ 2003ರಿಂದ ಹೊಸ ಕೈಬಂದೂಕುಗಳಿಗೆ ಒಳಬೀಗ ಕಡ್ಡಾಯ ಮಾಡಿದ್ದೂ ಒಂದು ಒತ್ತಾಸೆಯಾಯಿತು.

ತೂತನ್ನು ದ್ವೇಷಿಸುವವರು ತಾಂತ್ರಿಕ ಕಾರಣವನ್ನೂ ಕೊಡುತ್ತಾರೆ. ತೀರಾ ಹಗುರವಾದ ರಿವಾಲ್ವರ್‌ನಲ್ಲಿ ಮ್ಯಾಗ್ನಮ್ ತೋಟೆ ಹೊಡೆದಾಗ ಒದೆತಕ್ಕೆ ಬೀಗ ತಾನಾಗಿ ಬಿದ್ದುಕೊಂಡಿತು ಎಂಬ ವರದಿಗಳಿವೆ. ಅಂಥವು ಕೆಲವೇ, ಆದರೆ ಆತ್ಮರಕ್ಷಣೆಗೆಂದು ಇಟ್ಟುಕೊಂಡವನಿಗೆ ಆ ಕೆಲವೇ ಸಾಕು. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಕೊರತೆ ಬೇರೆ: ಈ ಬೀಗ ಹಾಕುವವರೇ ಕಡಿಮೆ. ಕೀಲಿ ಡಬ್ಬಿಯಲ್ಲೇ ಉಳಿಯುತ್ತದೆ. ಮರೆಯದೆ ಬೀಗ ಹಾಕುವ ಮನುಷ್ಯ ಹೇಗೂ ಕೋವಿಯನ್ನು ಉಕ್ಕಿನ ಪೆಟ್ಟಿಗೆಯಲ್ಲಿ ಇಡುತ್ತಾನೆ. ಪೆಟ್ಟಿಗೆ ಕಳ್ಳನನ್ನೂ ಒಂದಿಷ್ಟು ತಡೆಯುತ್ತದೆ, ಒಳಬೀಗ ತಡೆಯುವುದಿಲ್ಲ. ಕಂಪನಿಯೂ ಈಚಿನ ವರ್ಷಗಳಲ್ಲಿ ತೂತಿಲ್ಲದ ಕೆಲವು ಮಾದರಿಗಳನ್ನು ಮತ್ತೆ ಬಿಟ್ಟಿದೆ.

ಹಾಗೆಂದು ಬೀಗವೇ ವ್ಯರ್ಥ ಎಂದರೆ ಮಕ್ಕಳ ಲೆಕ್ಕ ತಪ್ಪುತ್ತದೆ. 1880ರ ದಶಕದಲ್ಲಿ ಇದೇ ಸ್ಮಿತ್ ಅಂಡ್ ವೆಸ್ಸನ್, ಹಿಡಿಯ ಹಿಂಬದಿಯನ್ನು ಅದುಮದೆ ಟ್ರಿಗರ್ ಎಳೆಯಲಾಗದ ರಿವಾಲ್ವರ್ ತಂದು, ಎಂಟು ವರ್ಷದೊಳಗಿನ ಮಗು ಇದನ್ನು ಹೊಡೆಯಲಾರದು ಎಂದು ಹೇಳಿಕೊಂಡಿತ್ತು. ಬರೀ ಟ್ರಿಗರ್ ಬಿಗಿಯನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು 1995ರಲ್ಲಿ ಅಮೆರಿಕದ ವೈದ್ಯರು ಮಕ್ಕಳ ಬೆರಳಿನ ಬಲ ಅಳೆದು ನೋಡಿದರು. ಮಾರುಕಟ್ಟೆಯ ಬಹುಪಾಲು ಕೈಬಂದೂಕುಗಳ ಟ್ರಿಗರ್ ಎಳೆಯುವ ಶಕ್ತಿ ಮೂರು-ನಾಲ್ಕು ವರ್ಷದ ಮಕ್ಕಳಲ್ಲಿ ಕಾಲು ಭಾಗಕ್ಕೆ ಇತ್ತು, ಐದು-ಆರರವರಲ್ಲಿ ಶೇ 70ರಷ್ಟು ಮಂದಿಗೆ ಇತ್ತು. 2001ರ ಇನ್ನೊಂದು ಅಧ್ಯಯನದಲ್ಲಿ 8ರಿಂದ 12 ವರ್ಷದ 64 ಹುಡುಗರನ್ನು ಎರಡು-ಮೂರರ ಗುಂಪುಗಳಲ್ಲಿ ಒಂದು ಕೋಣೆಗೆ ಬಿಟ್ಟರು. ಡ್ರಾಯರ್‌ನಲ್ಲಿ ತೋಟೆಯಿಲ್ಲದ ನಿಜವಾದ ಪಿಸ್ತೂಲಿತ್ತು. ಅದನ್ನು ಕಂಡ 48 ಹುಡುಗರಲ್ಲಿ 30 ಮಂದಿ ಕೈಗೆತ್ತಿಕೊಂಡರು, 16 ಮಂದಿ ಟ್ರಿಗರ್ ಎಳೆದರು. ‘ನಮ್ಮ ಹುಡುಗನಿಗೆ ಹೇಳಿದ್ದೇನೆ, ಅವನು ಮುಟ್ಟುವುದಿಲ್ಲ’ ಎನ್ನುವ ಅಪ್ಪಂದಿರು ಈ ಅಂಕಿ ನೋಡಬೇಕು.

ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 1991ರಲ್ಲಿ ಆಕಸ್ಮಿಕ ಗುಂಡೇಟಿನ ಸಾವುಗಳನ್ನು ಒಂದೊಂದಾಗಿ ಜಾಲಾಡಿತು. ಮಕ್ಕಳಿಗೆ ಬಗ್ಗದ ಸಾಧನವಿದ್ದಿದ್ದರೆ ಶೇ 8ರಷ್ಟು, ತೋಟೆ ಇರುವುದನ್ನು ತೋರಿಸುವ ಸೂಚಕವಿದ್ದಿದ್ದರೆ ಶೇ 23ರಷ್ಟು ಸಾವು ತಪ್ಪಿಸಬಹುದಿತ್ತು ಎಂದಿತು. ದೊಡ್ಡ ಸಂಖ್ಯೆಯೇ. ಆದರೆ ಆ ದೇಶದಲ್ಲಿ ವರ್ಷಕ್ಕೆ ಗುಂಡಿಗೆ ಸಾಯುವ 40,000ಕ್ಕೂ ಹೆಚ್ಚು ಜನರಲ್ಲಿ ಆಕಸ್ಮಿಕಕ್ಕೆ ಬಲಿಯಾಗುವವರು 500ರ ಆಸುಪಾಸು. ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಸೂಚಕವಾಗಲಿ ಟ್ರಾನ್ಸ್‌ಫರ್ ಬಾರ್ ಆಗಲಿ ಆತ್ಮಹತ್ಯೆಯನ್ನು ತಡೆಯದು. ಹದಿಹರೆಯದವರ ವಿಷಯದಲ್ಲಿ ಬೀಗ ಕೆಲಸಕ್ಕೆ ಬರುತ್ತದೆ: ಕೋವಿ ಖಾಲಿಯಾಗಿ, ಬೀಗದೊಳಗಿದ್ದು, ತೋಟೆಯೂ ಬೇರೆ ಕಡೆ ಬೀಗದೊಳಗಿದ್ದ ಮನೆಗಳಲ್ಲಿ ಅಂಥ ಸಾವು-ಗಾಯಗಳು ಕಡಿಮೆ ಎಂದು 2005ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಬೀಗ ಕೋವಿಯ ಹೊಟ್ಟೆಯೊಳಗೆ ಇದೆಯೋ ಬೀರುವಿನ ಬಾಗಿಲಲ್ಲಿದೆಯೋ ಎಂಬುದಲ್ಲ, ಹಾಕಿದ್ದಾರೋ ಇಲ್ಲವೋ ಎಂಬುದೇ ಮುಖ್ಯವಾಗಿತ್ತು.

ಹಾಕಲೇಬೇಕು ಎನ್ನುವ ಅಧಿಕಾರ ಸರ್ಕಾರಕ್ಕೆ ಎಷ್ಟಿದೆ? ವಾಷಿಂಗ್ಟನ್ ನಗರ ಮನೆಯಲ್ಲಿರುವ ಕೋವಿಗೂ ತೋಟೆ ತೆಗೆದು, ಬಿಚ್ಚಿಟ್ಟು ಅಥವಾ ಟ್ರಿಗರ್ ಲಾಕ್ ಹಾಕಿ ಇಡಬೇಕು ಎಂದಿತ್ತು. ತುರ್ತಿನಲ್ಲಿ ಆತ್ಮರಕ್ಷಣೆಗೆ ಒದಗದು ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ 5-4ರ ಬಹುಮತದಿಂದ ಅದನ್ನು ರದ್ದುಮಾಡಿತು. 2005ರ ಕೇಂದ್ರ ಕಾನೂನು ಕೇಳುವುದಿಷ್ಟೇ: ಲೈಸೆನ್ಸ್ ಇರುವ ವ್ಯಾಪಾರಿ ಕೈಬಂದೂಕಿನ ಜೊತೆ ಒಂದು ಬೀಗವನ್ನೂ ಕೊಡಬೇಕು. ಕೊಂಡವನು ಅದನ್ನು ಹಾಕಬೇಕು ಎಂದು ಅದು ಹೇಳುವುದಿಲ್ಲ.

ಯಜಮಾನನ ಕೈಯನ್ನೇ ಗುರುತಿಸುವ ‘ಸ್ಮಾರ್ಟ್’ ಪಿಸ್ತೂಲಿನ ಕತೆ ರಾಜಕೀಯ ಎಡವಟ್ಟಿಗೆ ಒಳ್ಳೆಯ ಉದಾಹರಣೆ. ಅಂಥ ಪಿಸ್ತೂಲು ದೇಶದಲ್ಲಿ ಎಲ್ಲೇ ಮಾರಾಟಕ್ಕೆ ಬಂದರೂ ಮೂರು ವರ್ಷದೊಳಗೆ ತನ್ನಲ್ಲಿ ಅಂಥವನ್ನು ಮಾತ್ರ ಮಾರಬೇಕು ಎಂದು ನ್ಯೂಜೆರ್ಸಿ 2002ರಲ್ಲಿ ಕಾನೂನು ಮಾಡಿತು. ಒಳ್ಳೆಯದನ್ನು ಬೇಗ ತರುವ ಉದ್ದೇಶ, ಆದದ್ದು ಉಲ್ಟಾ. ಜರ್ಮನಿಯ ಅರ್ಮಾಟಿಕ್ಸ್ ಕಂಪನಿಯ, ಕೈಗಡಿಯಾರ ಹತ್ತಿರವಿದ್ದರೆ ಮಾತ್ರ ಹೊಡೆಯುವ ಪಿಸ್ತೂಲನ್ನು 2014ರಲ್ಲಿ ಮಾರಲು ಹೊರಟ ಮೇರಿಲ್ಯಾಂಡಿನ ಅಂಗಡಿಯವನಿಗೆ ಕೊಲೆ ಬೆದರಿಕೆಗಳು ಬಂದು ಅವನು ಹಿಂದೆ ಸರಿದ. ಒಂದೇ ಒಂದು ಮಾರಾಟವಾದರೂ ನ್ಯೂಜೆರ್ಸಿಯ ಗಡಿಯಾರ ಓಡತೊಡಗುತ್ತದೆ ಎಂಬ ಭಯ ಅದರ ಹಿಂದಿತ್ತು. 2017ರಲ್ಲಿ ಹ್ಯಾಕರ್ ಒಬ್ಬ ಅದೇ ಪಿಸ್ತೂಲಿನ ತಡೆಯನ್ನು ಸುಮಾರು 15 ಡಾಲರ್ ಬೆಲೆಯ ಆಯಸ್ಕಾಂತಗಳಿಂದ ಮುರಿದು ತೋರಿಸಿದ. ನ್ಯೂಜೆರ್ಸಿ 2019ರಲ್ಲಿ ಕಾನೂನನ್ನು ಸಡಿಲಿಸಿತು. 2023ರಲ್ಲಿ ಬಯೋಫೈರ್ ಕಂಪನಿ ಬೆರಳಚ್ಚು ಮತ್ತು ಮುಖ ಎರಡನ್ನೂ ಗುರುತಿಸುವ ಪಿಸ್ತೂಲು ಪ್ರಕಟಿಸಿತು, ಬೆಲೆ 1,499 ಡಾಲರ್. ಯಾರ ಮೇಲೂ ಹೇರದಿದ್ದರೆ ನಮ್ಮದೇನೂ ತಕರಾರಿಲ್ಲ ಎನ್ನುವ ಬಂದೂಕುದಾರರೂ ಇದ್ದಾರೆ.

ನಮ್ಮ ಮಲೆನಾಡು, ಕೊಡಗಿನ ಕೋವಿಗಳಲ್ಲಿ ಇದ್ಯಾವುದೂ ಇಲ್ಲ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಹೈಕೋರ್ಟೂ 2021ರಲ್ಲಿ ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ಹಬ್ಬದ ದಿನ, ಕೊಡವರ ಆಯುಧಪೂಜೆಯಲ್ಲಿ, ತೋಕ್ ಹೂ ಮುಡಿಸಿಕೊಂಡು ಪೂಜೆಗೆ ನಿಲ್ಲುವ ಜೋಡುನಳಿಕೆ ಕೋವಿಯ ಸೇಫ್ಟಿ, ಹಿಡಿಯ ಮೇಲ್ಗಡೆ ಹೆಬ್ಬೆರಳಿಗೆ ಸಿಗುವ ಜಾರುಗುಂಡಿ. ಇಂಥ ಬಹುತೇಕ ಕೋವಿಗಳಲ್ಲಿ ಅದು ಟ್ರಿಗರನ್ನು ಮಾತ್ರ ಹಿಡಿಯುತ್ತದೆ. ಒಳಗೆ ಎಳೆದು ನಿಂತ ಕುದುರೆಗಳನ್ನು ಮುಟ್ಟುವುದೇ ಇಲ್ಲ. ಕಲ್ಲು ಹತ್ತುವಾಗ ಕೋವಿ ಬಲವಾಗಿ ಬಡಿದರೆ ಗುಂಡಿ ‘ಸೇಫ್’ನಲ್ಲಿದ್ದೂ ಈಡು ಹಾರಬಹುದು. ಹೊರಗೆ ಸಿಡಿಯುವ ಕೇಪು ಇಟ್ಟು ಹೊಡೆಯುವ ಕೇಪಿನ ಕೋವಿಗೆ ಅರ್ಧ ಎಳೆದು ನಿಲ್ಲಿಸಿದ ಕುದುರೆಯೇ ಸೇಫ್ಟಿ. ಅನುಭವಸ್ಥರು ಅದನ್ನೂ ನಂಬದೆ ಕೇಪು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಹಂದಿಯೆಂದು ಜೊತೆಗಾರನಿಗೇ ಈಡು ಹೊಡೆದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದಲ್ಲ, ಅದಕ್ಕಂತೂ ಯಾವ ದೇಶದ ಯಾವ ಸಾಧನವೂ ಮದ್ದಲ್ಲ.

2025ರ ಫೆಬ್ರವರಿಯಲ್ಲಿ ನಾಗಮಂಗಲ ತಾಲ್ಲೂಕಿನ ಕೋಳಿ ಫಾರ್ಮೊಂದರಲ್ಲಿ, ಕಾವಲಿಗೆಂದು ಇಟ್ಟಿದ್ದ ಕೋವಿಯನ್ನು ಹುಡುಗನೊಬ್ಬ ಕೈಗೆತ್ತಿಕೊಂಡ. ಈಡು ಹಾರಿ ನಾಲ್ಕು ವರ್ಷದ ಮಗು ಸತ್ತಿತು, ತಾಯಿಗೆ ಗಾಯವಾಯಿತು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ, ನಳಿಕೆ ಮಡಚಿ ತೋಟೆ ತುಂಬುವ ‘ಮುರಿಯುವ’ ಕೋವಿಗಳಿಗೆ ಕೀಲಿ-ತೂತಿನ ಅಗತ್ಯವೇ ಇಲ್ಲ. ಮುಂದಿನ ಮರದ ತುಂಡು ಕಳಚಿ, ನಳಿಕೆ ಬಾಗಿಸಿ ಎತ್ತಿದರೆ ಅರ್ಧ ನಿಮಿಷದಲ್ಲಿ ಮೂರು ತುಂಡು. ನಳಿಕೆ ಒಂದು ಬೀರುವಿಗೆ, ಹಿಡಿ ಇನ್ನೊಂದಕ್ಕೆ, ತೋಟೆ ಮತ್ತೊಂದು ಕಡೆ. ಇದನ್ನು ಗದ್ದೆ ಕಾಯುವ ರೈತನ ಮುಂದೆ ಹೇಳಿದರೆ ಬರುವ ಉತ್ತರ ಅಮೆರಿಕದವನದ್ದಕ್ಕಿಂತ ಬೇರೆಯಲ್ಲ: ‘ಹಂದಿ ಬಂದು ಗದ್ದೆ ಉರುಳಿಸ್ತಿರುವಾಗ ಕತ್ತಲಲ್ಲಿ ಕೋವಿ ಜೋಡಿಸ್ತಾ ಕೂರಲಾ ಸ್ವಾಮಿ?’